ಪ್ರತಿಯೋಜಿಸತಕ್ಕದ್ದು, ಬಿಟ್ಟುಬಿಡತಕ್ಕದ್ದು: ಕಾಯ್ದೆಯೊಳಗಿನ ಹಳೆಯ ಪದ ಹೋಗುವ ಬಗೆ

ವಿಧಾನಸಭೆಯಲ್ಲಿ ಮಂಡನೆಯಾದ ಯಾವುದಾದರೂ ತಿದ್ದುಪಡಿ ವಿಧೇಯಕವನ್ನು ತೆರೆದು ನೋಡಿ. ಅದರ ಭಾಷೆ ಬಲು ಜಿಪುಣ. 'ಇಂಥ ಪದಗಳ ಬದಲಿಗೆ ಇಂಥ ಪದಗಳನ್ನು ಪ್ರತಿಯೋಜಿಸತಕ್ಕದ್ದು', 'ಈ ಪದಗಳನ್ನು ಬಿಟ್ಟುಬಿಡತಕ್ಕದ್ದು', 'ಈ ಕೆಳಗಿನದನ್ನು ಸೇರಿಸತಕ್ಕದ್ದು'. ಹೆಚ್ಚುಕಡಿಮೆ ಈ ಮೂರು ಕ್ರಿಯಾಪದಗಳಲ್ಲೇ ಎಲ್ಲ ಕೆಲಸ ಮುಗಿಯುತ್ತದೆ. ಅಂಗವೈಕಲ್ಯವನ್ನು ಕುರಿತ ಹಳೆಯ, ಚುಚ್ಚುವ ಪದಗಳನ್ನು ಕಾಯ್ದೆಗಳಿಂದ ತೆಗೆಯಿರಿ ಎಂಬ ಬೇಡಿಕೆ ಎದ್ದಾಗಲೆಲ್ಲ ನಮ್ಮ ಕಣ್ಣು ಮೊದಲನೆಯ ಕ್ರಿಯಾಪದದ ಮೇಲೇ ಹೋಗುತ್ತದೆ. ಹಳೆಯದನ್ನು ತೆಗೆದು ಹೊಸದನ್ನು ಕೂಡಿಸಿದರೆ ಆಯಿತಲ್ಲ, ಕಂಪ್ಯೂಟರಿನಲ್ಲಿ ಅರ್ಧ ಗಂಟೆಯ ಕೆಲಸ ಎನ್ನುವವರಿದ್ದಾರೆ. ಕೆಲವು ಕಡೆ ಅದು ನಿಜವೂ ಹೌದು. ಆದರೆ ಕೆಲವು ಪದಗಳನ್ನು ಬದಲಿಸಿದರೆ ಜನರ ಹಕ್ಕೇ ಹೋಗುತ್ತದೆ, ಇನ್ನು ಕೆಲವನ್ನು ಬದಲಿಸದೆ ಬೇರುಸಹಿತ ಕೀಳಬೇಕಾಗುತ್ತದೆ. ಯಾವ ಪದಕ್ಕೆ ಯಾವ ಕ್ರಿಯಾಪದ ಎಂದು ಗುರುತಿಸುವುದರಲ್ಲೇ ಕರಡು ಬರೆಯುವವರ ಜಾಣತನವಿದೆ.

ಹಳೆಯ ಪದಗಳನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಸಂವಿಧಾನದಲ್ಲೇ ಇವೆ. ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯ 9ನೇ ನಮೂದು ಅಂಗವಿಕಲರಿಗೂ ದುಡಿಯಲಾಗದವರಿಗೂ ನೆರವು ನೀಡುವ ವಿಷಯವನ್ನು ರಾಜ್ಯಗಳಿಗೆ ಕೊಟ್ಟಿದೆ. ಸಮವರ್ತಿ ಪಟ್ಟಿಯ 16ನೇ ನಮೂದಿನ ಇಂಗ್ಲಿಷ್ ಪಠ್ಯದಲ್ಲಿ 'ಲೂನಸಿ', 'ಮೆಂಟಲ್ ಡಿಫಿಷಿಯೆನ್ಸಿ', 'ಲೂನಟಿಕ್ಸ್' ಎಂಬ ಪದಗಳು ಇವತ್ತಿಗೂ ಕೂತಿವೆ. 1912ರ ಇಂಡಿಯನ್ ಲೂನಸಿ ಕಾಯ್ದೆಯ ಜಾಗಕ್ಕೆ 1987ರ ಮಾನಸಿಕ ಆರೋಗ್ಯ ಕಾಯ್ದೆ ಬಂತು, ಅದರ ಜಾಗಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂತು. ಕಾಯ್ದೆಗಳು ಮೂರು ತಲೆಮಾರು ಕಂಡರೂ ಅಂಥ ಕಾಯ್ದೆ ಮಾಡುವ ಅಧಿಕಾರ ಕೊಡುವ ನಮೂದಿನ ಪದ ಮಾತ್ರ ಕದಲಲಿಲ್ಲ. ಓದಲು ಕಿರಿಕಿರಿಯೇ, ಆದರೂ ಆ ಪದದಿಂದ ಯಾರ ಅರ್ಜಿಯೂ ತಿರಸ್ಕೃತವಾಗುವುದಿಲ್ಲ. ಯಾವ ಸದನ ಯಾವ ವಿಷಯದ ಮೇಲೆ ಕಾನೂನು ಮಾಡಬಹುದು ಎಂದಷ್ಟೇ ಅದು ಹೇಳುತ್ತದೆ. ನನ್ನನ್ನು ಕೇಳಿದರೆ ಇಂಥವನ್ನು ಪಟ್ಟಿಯ ಕೊನೆಗೆ ಹಾಕಬಹುದು.

ಮೊದಲು ನೋಡಬೇಕಾದದ್ದು ಬೇರೆ. 1963ರ ಲಿಮಿಟೇಷನ್ ಕಾಯ್ದೆ, ಅಂದರೆ ದಾವೆ ಹೂಡಲು ಎಷ್ಟು ಕಾಲಾವಕಾಶ ಎಂದು ಹೇಳುವ ಕಾಯ್ದೆಯ 6ನೇ ಸೆಕ್ಷನ್ ತೆಗೆದುಕೊಳ್ಳಿ. ಅಲ್ಲಿ 'ಮೈನರ್', 'ಇನ್‌ಸೇನ್', 'ಈಡಿಯಟ್' ಎಂಬ ಮೂರು ಪದಗಳು ಒಂದರ ಪಕ್ಕ ಒಂದು ನಿಂತಿವೆ. ಮೂರನೆಯದು ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದಾಗ ಬಾಯಿಗೆ ಬರುವ ಬೈಗುಳ. ಇದನ್ನು ಕಂಡ ಯಾರಿಗಾದರೂ ಗೀಟು ಎಳೆದು ಹೊಡೆದುಹಾಕಬೇಕು ಅನಿಸುತ್ತದೆ. ಆದರೆ ಆ ಸೆಕ್ಷನ್ ಮಾಡುವ ಕೆಲಸ ನೋಡಿ: ಇಂಥವರ ಆಸ್ತಿಯನ್ನು ಯಾರಾದರೂ ಕಬಳಿಸಿದರೆ ಕಾಲಮಿತಿ ಮುಗಿಯಿತು ಎಂದು ನ್ಯಾಯಾಲಯದ ಬಾಗಿಲು ಮುಚ್ಚುವಂತಿಲ್ಲ, ಅವರ ಆ ಸ್ಥಿತಿ ಕೊನೆಗೊಂಡ ಮೇಲೆ ದಾವೆ ಹೂಡಲು ಅವಕಾಶ ಕೊಡಬೇಕು ಎನ್ನುತ್ತದೆ ಅದು. ಪದ ಅವಮಾನದ್ದು, ಕೆಲಸ ರಕ್ಷಣೆಯದು. 'ಬಿಟ್ಟುಬಿಡತಕ್ಕದ್ದು' ಎಂದರೆ ಅವಮಾನದ ಜೊತೆಗೆ ರಕ್ಷಣೆಯೂ ಹೋಯಿತು. ಇದೇ ಸೆಕ್ಷನ್ನಿನ ತಲೆಬರಹದಲ್ಲಿರುವ 'ಲೀಗಲ್ ಡಿಸೆಬಿಲಿಟಿ'ಗೂ ನಾವು ಮಾತಾಡುತ್ತಿರುವ ವೈಕಲ್ಯಕ್ಕೂ ಸಂಬಂಧವಿಲ್ಲ. ಹದಿನೇಳು ವರ್ಷದ ಕಬಡ್ಡಿ ಆಟಗಾರನೂ ಆ ಲೆಕ್ಕದಲ್ಲಿ 'ಡಿಸೆಬಿಲಿಟಿ' ಉಳ್ಳವನೇ. ಕಂಪ್ಯೂಟರಿಗೆ 'ಹುಡುಕು, ಬದಲಿಸು' ಎಂದು ಆಜ್ಞೆ ಕೊಟ್ಟು ಕಾಫಿಗೆ ಹೋದರೆ ವಾಪಸು ಬರುವಷ್ಟರಲ್ಲಿ ಅವನೂ ವಿಶೇಷಚೇತನನಾಗಿರುತ್ತಾನೆ.

ಇದರ ತದ್ವಿರುದ್ಧ ಕಥೆ ಒಡಿಶಾದ್ದು. 1950ರ ಒರಿಸ್ಸಾ ಪುರಸಭೆ ಕಾಯ್ದೆ ಕುಷ್ಠರೋಗ ಅಥವಾ ಕ್ಷಯರೋಗ ಇದ್ದವರು ಚುನಾವಣೆಗೆ ನಿಲ್ಲುವಂತಿಲ್ಲ, ಗೆದ್ದವರಿಗೆ ರೋಗ ಬಂದರೆ ಸ್ಥಾನದಲ್ಲಿ ಮುಂದುವರಿಯುವಂತಿಲ್ಲ ಎಂದಿತ್ತು. ಗೆದ್ದು ಬಂದ ಒಬ್ಬರ ಸದಸ್ಯತ್ವ ಇದೇ ಕಾರಣಕ್ಕೆ ಹೋಯಿತು. ಅವರು ಸುಪ್ರೀಂ ಕೋರ್ಟಿನವರೆಗೂ ಹೋದರು. 2008ರಲ್ಲಿ ತೀರ್ಪು ಬಂದಾಗ ನ್ಯಾಯಾಲಯ ಆ ಅನರ್ಹತೆಯನ್ನು ಎತ್ತಿಹಿಡಿಯಿತು. ಜೊತೆಗೆ, ಕಾಲ ಬದಲಾಗಿದೆ, ಇಂಥ ಉಪಬಂಧ ಇನ್ನೂ ಬೇಕೇ ಎಂದು ಶಾಸಕಾಂಗ ಗಂಭೀರವಾಗಿ ಯೋಚಿಸಲಿ ಎಂದೂ ಹೇಳಿತು. ಬಹುಔಷಧ ಚಿಕಿತ್ಸೆ ಬಂದು ಆಗಲೇ ಎರಡು ದಶಕ ದಾಟಿತ್ತು. ಕುಷ್ಠ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಎಂದು ಭಾರತ 2005ರ ಕೊನೆಗೇ ಘೋಷಿಸಿತ್ತು. ಇಂಥ ಸೆಕ್ಷನ್ನಿನಲ್ಲಿ 'ಕುಷ್ಠರೋಗಿ' ತೆಗೆದು 'ಕುಷ್ಠಬಾಧಿತ ವ್ಯಕ್ತಿ' ಎಂದು ಪ್ರತಿಯೋಜಿಸಿದರೆ ಏನಾಯಿತು? ಬಾಗಿಲಿಗೆ ಹೊಸ ಬಣ್ಣ ಬಳಿದು ಬೀಗವನ್ನು ಹಾಗೇ ಬಿಟ್ಟಂತಾಯಿತು. ಇಲ್ಲಿ ಬೇಕಾದ ಕ್ರಿಯಾಪದ 'ಬಿಟ್ಟುಬಿಡತಕ್ಕದ್ದು' ಒಂದೇ.

ಕೇಂದ್ರದ ಮಟ್ಟದಲ್ಲಿ ಆ ಕೆಲಸ ತಡವಾಗಿಯಾದರೂ ನಡೆದಿದೆ. ಕಾನೂನು ಆಯೋಗ 2015ರ ಏಪ್ರಿಲ್‌ನಲ್ಲಿ ಕೊಟ್ಟ 256ನೇ ವರದಿ ಇದೇ ವಿಷಯದ್ದು. ಮರುವರ್ಷ 1898ರ ಲೆಪರ್ಸ್ ಕಾಯ್ದೆ ರದ್ದಾಯಿತು. 2019ರಲ್ಲಿ ಸಂಸತ್ತು ಒಂದೇ ತಿದ್ದುಪಡಿ ಕಾಯ್ದೆಯಲ್ಲಿ ಐದು ವೈಯಕ್ತಿಕ ಕಾನೂನುಗಳಿಂದ ಕುಷ್ಠವನ್ನು ತೆಗೆಯಿತು. 1955ರ ಹಿಂದೂ ವಿವಾಹ ಕಾಯ್ದೆ, 1954ರ ವಿಶೇಷ ವಿವಾಹ ಕಾಯ್ದೆ ಅವುಗಳಲ್ಲಿ ಸೇರಿವೆ. ಅಲ್ಲಿಯವರೆಗೆ ಗಂಡ ಅಥವಾ ಹೆಂಡತಿಗೆ ಕುಷ್ಠವಿದೆ ಎನ್ನುವುದೇ ವಿಚ್ಛೇದನಕ್ಕೆ ಕಾರಣವಾಗಿತ್ತು. ಆ ತಿದ್ದುಪಡಿಯಲ್ಲಿ ಹೊಸ ಪದವೇ ಇಲ್ಲ ಎನ್ನುವುದನ್ನು ಗಮನಿಸಿ. ರೋಗವನ್ನು ಗೌರವದಿಂದ ಕರೆಯುವುದು ಹೇಗೆ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಕಾರಣವನ್ನೇ ತೆಗೆದರು.

ತೆಗೆಯಲೂ ಆಗದ, ಸುಮ್ಮನೆ ಬದಲಿಸಲೂ ಆಗದ ಪದಗಳೂ ಇವೆ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸಂವಿಧಾನ 'ಈಡಿಯಟ್ ಅಥವಾ ಇನ್‌ಸೇನ್ ವ್ಯಕ್ತಿ'ಗೆ ಮತದಾನದ ಹಕ್ಕಿಲ್ಲ ಎನ್ನುತ್ತಿತ್ತು. 2007ರ ನವೆಂಬರ್‌ನಲ್ಲಿ ಆ ರಾಜ್ಯದ ಜನರೇ ಮತ ಹಾಕಿ ಅದನ್ನು ಬದಲಿಸಿದರು. ಮತದಾನ ಎಂದರೇನು ಎಂದು ತಿಳಿಯುವ ಸಾಮರ್ಥ್ಯ ಇಲ್ಲವೆಂದು ಸಕ್ಷಮ ನ್ಯಾಯಾಲಯ ತೀರ್ಮಾನಿಸಿದವರಿಗೆ ಮಾತ್ರ ಹಕ್ಕಿಲ್ಲ ಎಂಬುದು ಹೊಸ ಮಾತು. ಮೇಲ್ನೋಟಕ್ಕೆ ಇದು ಸಭ್ಯ ಭಾಷೆ ಅಷ್ಟೆ. ಒಳಗೆ ನಡೆದದ್ದು ದೊಡ್ಡದು. ಹಿಂದೆ ರೋಗದ ಹೆಸರೇ ಸಾಕಾಗುತ್ತಿತ್ತು. ಈಗ ನ್ಯಾಯಾಲಯದ ತೀರ್ಮಾನ ಬೇಕು, ಅದೂ ಮತದಾನ ಎಂಬ ಒಂದೇ ಕೆಲಸದ ಬಗ್ಗೆ. ನಮ್ಮ ಸಂವಿಧಾನದ 191ನೇ ವಿಧಿಯೂ ಶಾಸಕರ ಅನರ್ಹತೆ ಹೇಳುವಾಗ 'ಅಸ್ವಸ್ಥಚಿತ್ತ' ಎನ್ನುವುದರ ಜೊತೆಗೆ ಸಕ್ಷಮ ನ್ಯಾಯಾಲಯ ಹಾಗೆ ಘೋಷಿಸಿರಬೇಕು ಎಂಬ ಷರತ್ತನ್ನು ಇಟ್ಟಿದೆ. ಪದ ಹಳತೇ ಆದರೂ ಕಾವಲುಗಾರ ಇದ್ದಾನೆ.

ಅಚಾತುರ್ಯ ಎಷ್ಟು ದುಬಾರಿಯಾಗಬಹುದಿತ್ತು ಎನ್ನುವುದಕ್ಕೆ ಮಾತ್ರ ಭಾರತೀಯ ನ್ಯಾಯ ಸಂಹಿತೆಗಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ. ಅದರ ಜಾಗದಲ್ಲಿ ಹಿಂದಿದ್ದ 1860ರ ದಂಡ ಸಂಹಿತೆಯ 84ನೇ ಸೆಕ್ಷನ್ ಪ್ರಕಾರ, ಅಸ್ವಸ್ಥಚಿತ್ತದಿಂದಾಗಿ ತಾನು ಮಾಡುತ್ತಿರುವುದು ಏನೆಂದೇ ತಿಳಿಯದ ವ್ಯಕ್ತಿ ಮಾಡಿದ್ದು ಅಪರಾಧವಾಗುತ್ತಿರಲಿಲ್ಲ. 2023ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಹೊಸ ಸಂಹಿತೆಯ ಮೊದಲ ಕರಡಿನಲ್ಲಿ 'ಅಸ್ವಸ್ಥಚಿತ್ತ' ಹೋಗಿ 'ಮಾನಸಿಕ ಕಾಯಿಲೆ' ಬಂದಿತ್ತು. ಕೇಳಲು ಆಧುನಿಕ, ವೈದ್ಯಕೀಯ, ಗೌರವದ ಪದ. ತೊಂದರೆ ಏನೆಂದರೆ ಆ ಪದಕ್ಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಆಗಲೇ ಒಂದು ವ್ಯಾಖ್ಯೆ ಇದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಆ ವ್ಯಾಖ್ಯೆ ಒಳಗೆ ಸೇರಿಸಿಕೊಳ್ಳುತ್ತದೆ, ಬುದ್ಧಿಮಾಂದ್ಯವನ್ನು ಹೊರಗಿಡುತ್ತದೆ. ಅದನ್ನು ಅಕ್ಷರಶಃ ಅನ್ವಯಿಸಿದರೆ ಕುಡಿತಕ್ಕೆ ಬಿದ್ದವನಿಗೆ ರಕ್ಷಣೆ ಕೇಳಲು ದಾರಿಯಾಗುತ್ತಿತ್ತು. ಹುಟ್ಟಿನಿಂದ ಬೌದ್ಧಿಕ ವೈಕಲ್ಯವಿರುವವನ ಪಾಲಿಗೆ ಒಂದೂವರೆ ಶತಮಾನದಿಂದ ಇದ್ದ ರಕ್ಷಣೆ ತಪ್ಪುತ್ತಿತ್ತು. ಸಂಸತ್ತಿನ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿ ಇದು ತೀರಾ ವಿಶಾಲವಾಯಿತು, ಹಳೆಯ ಪದವನ್ನೇ ತನ್ನಿ ಎಂದಿತು. ಡಿಸೆಂಬರ್‌ನಲ್ಲಿ ಬಂದ ಎರಡನೆಯ ಕರಡಿನ 22ನೇ ಸೆಕ್ಷನ್ನಿಗೆ ಹಳೆಯ ಪದವೇ ಮರಳಿತು. ಅದೇ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಹಳೆಯ 305ನೇ ಸೆಕ್ಷನ್ನಿನಲ್ಲಿದ್ದ 'ಈಡಿಯಟ್' ಮಾತ್ರ ಹೊಸ ಸಂಹಿತೆಯ 107ನೇ ಸೆಕ್ಷನ್ನಿಗೆ ಬಂದಿಲ್ಲ.

'ಅಸ್ವಸ್ಥಚಿತ್ತ' ಚೆಂದದ ಪದ ಎಂದು ನಾನು ವಾದಿಸುತ್ತಿಲ್ಲ. ವ್ಯಾಖ್ಯೆ ಹೊತ್ತ ಪದವನ್ನು ಇನ್ನೊಂದು ಕಾಯ್ದೆಯಿಂದ ಎತ್ತಿ ತಂದರೆ ಅದರ ವ್ಯಾಖ್ಯೆಯೂ ಹಿಂದೆಯೇ ಬರುತ್ತದೆ. ಇದನ್ನು ತಡೆಯುವ ಉಪಾಯ ಮೂರನೆಯ ಕ್ರಿಯಾಪದದಲ್ಲಿದೆ: 'ಸೇರಿಸತಕ್ಕದ್ದು'. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ರೋಸಾ ಎಂಬ ಪುಟ್ಟ ಹುಡುಗಿಗೆ ಡೌನ್ ಸಿಂಡ್ರೋಮ್ ಇತ್ತು. ಶಾಲೆಯ ದಾಖಲೆಯಲ್ಲಿ ಅವಳ ಹೆಸರಿನ ಮುಂದೆ 'ಮೆಂಟಲ್ ರಿಟಾರ್ಡೇಶನ್' ಎಂಬ ಪದ ಬಂದದ್ದನ್ನು ಅವಳ ಮನೆಯವರು ಪ್ರಶ್ನಿಸಿದರು. 2009ರಲ್ಲಿ ರಾಜ್ಯದ ಕಾನೂನು ಬದಲಾಯಿತು. ಸೆನೆಟರ್ ಬಾರ್ಬರಾ ಮಿಕುಲ್ಸ್ಕಿ ಅದನ್ನು ವಾಷಿಂಗ್ಟನ್ನಿಗೆ ಒಯ್ದರು, 2010ರ ಅಕ್ಟೋಬರ್ 5ರಂದು ಅಧ್ಯಕ್ಷ ಒಬಾಮ 'ರೋಸಾಳ ಕಾನೂನಿ'ಗೆ ಸಹಿ ಹಾಕಿದರು. ಆರೋಗ್ಯ, ಶಿಕ್ಷಣ, ಉದ್ಯೋಗಕ್ಕೆ ಸಂಬಂಧಿಸಿದ ಹಲವು ಕೇಂದ್ರ ಕಾಯ್ದೆಗಳಲ್ಲಿ ಆ ಪದದ ಜಾಗಕ್ಕೆ 'ಇಂಟೆಲೆಕ್ಚುವಲ್ ಡಿಸೆಬಿಲಿಟಿ' ಬಂತು. ಸುದ್ದಿಯಾದದ್ದು ಆ ಭಾಗ. ನನಗೆ ಮೆಚ್ಚುಗೆಯಾಗುವುದು ಕೊನೆಯಲ್ಲಿರುವ ಒಣ ಸಾಲುಗಳು: ಈ ಬದಲಾವಣೆಯಿಂದ ಯಾರ ಅರ್ಹತೆಯೂ ಹಕ್ಕೂ ವ್ಯಾಪ್ತಿಯೂ ಬದಲಾಗದು, ಹೊಸ ಪದ ಹಿಂದೆ ಹಳೆಯ ಪದದಿಂದ ಕರೆಯುತ್ತಿದ್ದ ಸ್ಥಿತಿಯನ್ನೇ ಸೂಚಿಸುತ್ತದೆ. ಈ ಎರಡು ವಾಕ್ಯ ಇಲ್ಲದಿದ್ದರೆ ಪ್ರತಿ ವಿಮಾ ಕಂಪನಿಯ ವಕೀಲರೂ 'ಹೊಸ ಪದ, ಆದ್ದರಿಂದ ಹೊಸ ಅರ್ಥ' ಎಂದು ವಾದಕ್ಕೆ ನಿಲ್ಲಬಹುದಿತ್ತು. ರಾಜ್ಯಗಳು ತಮ್ಮ ಕಾಯ್ದೆಗಳನ್ನೂ ತಿದ್ದಲೇಬೇಕು ಎಂದು ಆ ಕಾನೂನು ಬಲವಂತ ಮಾಡಲಿಲ್ಲ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ತಾವೇ ಮಾಡಿಕೊಂಡವು. 2014ರಲ್ಲಿ ಹಾಲ್ ವಿರುದ್ಧ ಫ್ಲಾರಿಡಾ ತೀರ್ಪು ಬರೆಯುವಾಗ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಹೊಸ ಪದವನ್ನೇ ಬಳಸಿತು.

ನಮ್ಮ 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, 'ಮೆಂಟಲ್ ರಿಟಾರ್ಡೇಶನ್' ಅವುಗಳಲ್ಲೊಂದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ವೈಕಲ್ಯಗಳು 21 ಆದವು, ಆ ಪದದ ಬದಲು 'ಬೌದ್ಧಿಕ ವೈಕಲ್ಯ' ಬಂತು. ಹಳೆಯ ಕಾಯ್ದೆಯಡಿ ಮಾಡಿದ್ದೆಲ್ಲ ಹೊಸದರಡಿ ಮಾಡಿದಂತೆಯೇ ಎಂಬ 'ನಿರಸನ ಮತ್ತು ಉಳಿಸುವಿಕೆ' ಸೆಕ್ಷನ್ ಕೊನೆಗಿದೆ. ಇಷ್ಟಾದರೂ, ಕೆಲವೇ ತಿಂಗಳ ನಂತರ ಅದೇ ಸಂಸತ್ತು ಮಾಡಿದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 'ಮೆಂಟಲ್ ರಿಟಾರ್ಡೇಶನ್' ಎಂದೇ ಬರೆಯಿತು. ಪೋಷಕರು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಯ ಮುಂದೆ ಕಾನೂನುಬದ್ಧ ಪಾಲಕತ್ವಕ್ಕೆ ಅರ್ಜಿ ಹಾಕುವ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಹೆಸರಿನಲ್ಲೇ ಆ ಪದ ಉಳಿದಿದೆ. ಮಗುವಿನ ಯುಡಿಐಡಿ (ವೈಕಲ್ಯದ ಗುರುತಿನ) ಕಾರ್ಡಿನಲ್ಲಿ ಒಂದು ಪದ, ಪಾಲಕತ್ವದ ಕಾಯ್ದೆಯಲ್ಲಿ ಇನ್ನೊಂದು. ಎರಡೂ ಒಂದೇ ಎಂದು ಗುಮಾಸ್ತರಿಗೆ ಗೊತ್ತಿದ್ದರೆ ಸರಿ.

ಎಲ್ಲ ಕಾಯ್ದೆಗಳನ್ನೂ ಒಂದೇ ಏಟಿಗೆ ತಿದ್ದಲು ಹೊರಟರೆ ವರ್ಷಗಳು ಹಿಡಿಯುತ್ತವೆ. ವಾಷಿಂಗ್ಟನ್ ರಾಜ್ಯ (ರಾಜಧಾನಿ ನಗರವಲ್ಲ, ಪಶ್ಚಿಮ ಕರಾವಳಿಯ ರಾಜ್ಯ) 2004ರಲ್ಲಿ ಕಂಡುಕೊಂಡ ದಾರಿ ನಮ್ಮವರಿಗೂ ಹಿಡಿಸಬಹುದು. ಕಾಯ್ದೆಗಳ ಪಠ್ಯ ನೋಡಿಕೊಳ್ಳುವ ಅಧಿಕಾರಿಗೆ ಅಲ್ಲಿನ ಶಾಸನಸಭೆ ಒಂದು ಪಟ್ಟಿ ಕೊಟ್ಟಿತು: ಈ ಪದಗಳು ಹೊಸ ಕಾಯ್ದೆಯಲ್ಲಿ ಬೇಡ. ಹಳೆಯ ಸೆಕ್ಷನ್ ಬೇರೆ ಯಾವುದೋ ಕಾರಣಕ್ಕೆ ತಿದ್ದುಪಡಿಗೆ ಬಂದಾಗ ಅಲ್ಲಿರುವ ಇಂಥ ಪದಗಳನ್ನೂ ಬದಲಿಸಿ. ಪಟ್ಟಿಯಲ್ಲಿರುವ ಪದ ಉಳಿದುಕೊಂಡಿದೆ ಎಂಬ ಕಾರಣಕ್ಕೆ ಯಾವ ಕಾಯ್ದೆಯೂ ಅಸಿಂಧುವಾಗದು ಎಂದೂ ಸೇರಿಸಿದರು. ನಿಧಾನದ ದಾರಿ. ಆದರೆ ಪ್ರತಿ ಸೆಕ್ಷನ್ನನ್ನೂ ಅದರ ವಿಷಯ ಬಲ್ಲವರು ಓದುವ ಹೊತ್ತಿಗೇ ಪದ ಬದಲಾಗುವುದರಿಂದ ಲಿಮಿಟೇಷನ್ ಕಾಯ್ದೆಯಂಥ ಕಡೆ ಎಡವುವುದು ಕಡಿಮೆ.

ಹೊಸ ಪದ ಯಾವುದು ಎನ್ನುವ ಪ್ರಶ್ನೆಯನ್ನು ಸರ್ಕಾರಗಳು ತಮ್ಮಷ್ಟಕ್ಕೆ ತೀರ್ಮಾನಿಸಿದಾಗಲೆಲ್ಲ ತಕರಾರು ಎದ್ದಿದೆ. 'ದಿವ್ಯಾಂಗ' ಎಂಬ ಪದವನ್ನು ಪ್ರಧಾನಿ 2015ರ ಡಿಸೆಂಬರ್‌ನಲ್ಲಿ ಸೂಚಿಸಿದರು, ಮರುವರ್ಷ ಕೇಂದ್ರ ಇಲಾಖೆಯ ಹಿಂದಿ ಹೆಸರಿನಲ್ಲಿ ಅದು ಸೇರಿತು. ಅನೇಕ ವಿಕಲಚೇತನರು ಒಪ್ಪಲಿಲ್ಲ, ರ‍್ಯಾಂಪ್ ಬೇಕು ಎಂದರೆ ದೈವತ್ವ ಕೊಡುತ್ತೀರಲ್ಲ ಎನ್ನುವ ಧಾಟಿಯ ಆಕ್ಷೇಪ ಅದು. 2019ರಲ್ಲಿ ಭಾರತದ ವರದಿಯನ್ನು ಪರಿಶೀಲಿಸಿದ ವಿಶ್ವಸಂಸ್ಥೆಯ ಸಮಿತಿಯೂ ಆ ಪದದ ಬಗ್ಗೆ ಆತಂಕ ವ್ಯಕ್ತಪಡಿಸಿತು. ಅತ್ತ ಅಮೆರಿಕದಲ್ಲಿ 'ವ್ಯಕ್ತಿ ಮೊದಲು, ವೈಕಲ್ಯ ಆಮೇಲೆ' ಎಂಬ ಸೂತ್ರವನ್ನು ಅಲ್ಲಿನ ಅಂಧರ ರಾಷ್ಟ್ರೀಯ ಒಕ್ಕೂಟ 1993ರಲ್ಲೇ ನಿರ್ಣಯ ಮಾಡಿ ತಿರಸ್ಕರಿಸಿತು. ನಾವು ಅಂಧರು, ಹಾಗೆಂದು ನೇರವಾಗಿ ಹೇಳಲು ನಾಚಿಕೆ ಯಾಕೆ ಎಂಬುದು ಅವರ ನಿಲುವು. ಕನ್ನಡಕ್ಕಂತೂ ಆ ಸೂತ್ರ ಹೊಂದುವುದೇ ಇಲ್ಲ, ನಮ್ಮಲ್ಲಿ ವಿಶೇಷಣ ಮುಂದೆ, ವ್ಯಕ್ತಿ ಹಿಂದೆ. 'ವೈಕಲ್ಯ ಹೊಂದಿರುವ ವ್ಯಕ್ತಿ' ಎಂದರೂ ವ್ಯಕ್ತಿ ಕೊನೆಗೇ ಬರುತ್ತಾನೆ. ಗೌರವ ನಮ್ಮ ಭಾಷೆಯಲ್ಲಿ ಬೇರೆ ಕಡೆ ಕೂತಿದೆ: 'ಕುರುಡ' ಮತ್ತು 'ಅಂಧರು' ನಡುವಿನ ಅಂತರದಲ್ಲಿ, ಏಕವಚನ ಬಹುವಚನದಲ್ಲಿ. ನಮ್ಮ ಅಧಿನಿಯಮಗಳ ಕನ್ನಡವಂತೂ ಎಲ್ಲರನ್ನೂ 'ಅವನು' ಎಂದೇ ಕರೆಯುತ್ತದೆ, ಅದು ಇನ್ನೊಂದು ಲೇಖನಕ್ಕೆ ವಸ್ತು. ನಮ್ಮ ರಾಜ್ಯದ ಇಲಾಖೆಯ ಫಲಕ 'ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ' ಎನ್ನುತ್ತದೆ, ನಾಡಕಚೇರಿಯ ಸಾಲಿನಲ್ಲಿ ನಿಂತವರು ಈಗಲೂ 'ಅಂಗವಿಕಲರ ವೇತನ' ಎನ್ನುತ್ತಾರೆ. ಅದರಲ್ಲಿ ಯಾರಿಗೂ ಅವಮಾನದ ಉದ್ದೇಶವಿಲ್ಲ. ಮಾತಾಡುವವರನ್ನು ತಿದ್ದುವುದು ಶಾಸಕಾಂಗದ ಕೆಲಸವೂ ಅಲ್ಲ.

ಇನ್ನು ದಾರಿಯ ವಿಚಾರ. ಅರ್ಜಿ ನಮೂನೆ, ಸುತ್ತೋಲೆ, ಫಲಕಗಳಲ್ಲಿನ ಪದವನ್ನು ಇಲಾಖೆಯೇ ಆದೇಶ ಹೊರಡಿಸಿ ಬದಲಿಸಬಹುದು. ನಿಯಮಗಳಲ್ಲಿದ್ದರೆ ಸರ್ಕಾರ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಬೇಕು. ನೇಮಕಾತಿ ನಿಯಮಗಳಾದರೆ ಮೊದಲು ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ, ಸಂಘಟನೆಗಳು ಕಾಯುತ್ತಿರಬೇಕಾದದ್ದು ಆ ಗಳಿಗೆಗೆ. ಅಧಿನಿಯಮದಲ್ಲೇ ಇದ್ದರೆ ವಿಧೇಯಕ ಬೇಕು: ಸಂಬಂಧಪಟ್ಟ ಇಲಾಖೆಯ ಪ್ರಸ್ತಾವ, ಕಾನೂನು ಮತ್ತು ಶಾಸನ ರಚನೆ ಇಲಾಖೆಗಳ ಪರಿಶೀಲನೆ, ಸಂಪುಟದ ಒಪ್ಪಿಗೆ, ಎರಡೂ ಸದನ, ರಾಜ್ಯಪಾಲರ ಅಂಕಿತ. ಸಮವರ್ತಿ ಪಟ್ಟಿಯ ವಿಷಯದಲ್ಲಿ ಕೇಂದ್ರ ಕಾಯ್ದೆಗೆ ವಿರುದ್ಧವಾಗುವಂತಿದ್ದರೆ ರಾಷ್ಟ್ರಪತಿಗಳ ಅಂಕಿತವೂ ಬೇಕು. ಕನ್ನಡ, ಇಂಗ್ಲಿಷ್ ಎರಡೂ ಪಠ್ಯಗಳನ್ನು ಒಟ್ಟಿಗೆ ತಿದ್ದದಿದ್ದರೆ ಒಂದರಲ್ಲಿ ಹೋದ ಪದ ಇನ್ನೊಂದರಲ್ಲಿ ಉಳಿಯುತ್ತದೆ.

ಸಾಮಾನ್ಯರು ತಟ್ಟಬಹುದಾದ ಬಾಗಿಲು 2016ರ ಕಾಯ್ದೆಯಲ್ಲೇ ಇದೆ. ಅದರ 80ನೇ ಸೆಕ್ಷನ್ ವಿಕಲಚೇತನರ ರಾಜ್ಯ ಆಯುಕ್ತರಿಗೆ ವಹಿಸಿರುವ ಕೆಲಸಗಳಲ್ಲಿ ಎರಡು ಇಲ್ಲಿ ಮುಖ್ಯ. ಕಾಯ್ದೆಗೆ ಹೊಂದದ ಯಾವುದೇ ಕಾನೂನು, ನೀತಿ, ಕಾರ್ಯಕ್ರಮವನ್ನು ಗುರುತಿಸಿ ತಿದ್ದಲು ಶಿಫಾರಸು ಮಾಡುವುದು ಒಂದು. ಹಕ್ಕು ತಪ್ಪಿದವರ ದೂರು ವಿಚಾರಿಸುವುದು ಇನ್ನೊಂದು. ಎರಡನೆಯ ಬಗೆಯ ಶಿಫಾರಸಿಗೆ ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳೊಳಗೆ ಕ್ರಮ ಕೈಗೊಂಡು ತಿಳಿಸಬೇಕು, ಒಪ್ಪದಿದ್ದರೆ ಅಷ್ಟರೊಳಗೆ ಕಾರಣ ಕೊಡಬೇಕು ಎಂದು 81ನೇ ಸೆಕ್ಷನ್ ಗಡುವು ಹಾಕಿದೆ. ಮೊದಲನೆಯದಕ್ಕೆ ಈ ಗಡುವು ಇಲ್ಲ. ಹಾಗಾಗಿ 'ಈ ಪದ ಅವಮಾನಕರ' ಎಂದಷ್ಟೇ ಬರೆದ ಅರ್ಜಿಗಿಂತ, 'ಈ ಪದದ ಕಾರಣ ಇಂಥ ವ್ಯಕ್ತಿಯ ಇಂಥ ಹಕ್ಕು ತಪ್ಪಿತು' ಎಂದು ಆದೇಶದ ಪ್ರತಿ, ಸೆಕ್ಷನ್ನಿನ ಎರಡೂ ಭಾಷೆಗಳ ಪುಟ ಲಗತ್ತಿಸಿದ ಅರ್ಜಿ ಬೇಗ ಮುಂದೆ ಸಾಗುತ್ತದೆ. ಕೊನೆಯಲ್ಲಿ ನಿಮಗೆ ಬೇಕಾದ ಕ್ರಿಯಾಪದ ಮೂರರಲ್ಲಿ ಯಾವುದು ಎಂದೂ ಬರೆಯಿರಿ.